ಮಾತ್ರೆ ಕೊಡುವ ಕೈ

ಗಾಂಜಾ ಎಂದರೆ ಬೆಚ್ಚಿಬೀಳುವ ಮನೆ ಮಾತ್ರೆ ಎಂದರೆ ತಲೆ ಎತ್ತಿಯೂ ನೋಡುವುದಿಲ್ಲ. 2025ರ ಮಾರ್ಚ್‌ನಲ್ಲಿ ಮಂಗಳೂರಿನ ಸಿಸಿಬಿ ಪೊಲೀಸರು ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಬೆಂಗಳೂರಿನಲ್ಲಿ ಬಂಧಿಸಿ 37.87 ಕಿಲೋ ಎಂಡಿಎಂಎ ಮಾದಕವಸ್ತು ವಶಪಡಿಸಿಕೊಂಡರು. ಅದರ ಬೆಲೆ 75 ಕೋಟಿ ರೂಪಾಯಿ ಎಂದರು. ಹರೆಯದ ಮಕ್ಕಳಿರುವ ಮನೆಗಳಿಗೆ ಆ ಸುದ್ದಿ ತಟ್ಟಿತು, ತಟ್ಟಬೇಕಾದದ್ದೇ. ಆದರೆ ಎಂಡಿಎಂಎ ಒಂದು ಮನೆಯ ಬಾಗಿಲಿಗೆ ಬರಬೇಕಾದರೆ ಹತ್ತಾರು ಕೈ ದಾಟಬೇಕು. ಫ್ರಿಜ್ಜಿನ ಮೇಲಿರುವ ಔಷಧದ ಡಬ್ಬಿ ಆಗಲೇ ಮನೆಯೊಳಗಿದೆ.

ಆ ಡಬ್ಬಿಯನ್ನೊಮ್ಮೆ ಬಿಚ್ಚಿ ನೋಡಿ. ಜ್ವರದ್ದು, ಗ್ಯಾಸಿನದ್ದು ಮೇಲೆಯೇ ಸಿಗುತ್ತವೆ. ಅದರಡಿ ಅಜ್ಜನ ಮಂಡಿ ಆಪರೇಷನ್ ಆದಾಗ ಬರೆದುಕೊಟ್ಟ ನೋವಿನ ಮಾತ್ರೆ. ಹತ್ತರಲ್ಲಿ ನಾಲ್ಕು ಮುಗಿದಿವೆ, ಆರು ಹಾಗೆಯೇ ಕುಳಿತಿವೆ. ಅಜ್ಜಿಯ ನಿದ್ದೆ ಮಾತ್ರೆ. ಕಳೆದ ಮಳೆಗಾಲದ ಕೆಮ್ಮಿಗೆ ತಂದ, ಮುಚ್ಚಳ ಅಂಟಿಹೋದ ಸಿರಪ್. ಗಲ್ಫಿನಿಂದ ಬಂದ ಮಾವ ಕೊಟ್ಟ ಪೆನಡಾಲ್, ಬಾಮ್. ತಳದಲ್ಲಿ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್‌ನ ತುಂಡುಗಳು: ಕೆಲವಕ್ಕೆ ಹೆಸರಿಲ್ಲ, ಕೆಲವಕ್ಕೆ ದಿನಾಂಕವಿಲ್ಲ. ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಎಚ್ಚರಿಕೆಯ ಸಾಲು ಯಾವ ತುಂಡಿನಲ್ಲಿ ಉಳಿಯಿತೋ, ಆ ತುಂಡು ಇನ್ಯಾರ ಮನೆಯಲ್ಲಿದೆಯೋ. ಎಷ್ಟಿತ್ತು, ಎಷ್ಟು ಉಳಿಯಿತು ಎಂಬ ಲೆಕ್ಕ ಮನೆಯಲ್ಲಿ ಯಾರಿಗೂ ಇಲ್ಲ. ಲೆಕ್ಕವೇ ಇಲ್ಲದ್ದರಲ್ಲಿ ಎರಡು ಕಡಿಮೆಯಾದರೆ ಗೊತ್ತಾಗುವುದಾದರೂ ಹೇಗೆ?

ಮಾತ್ರೆಗೆ ವಾಸನೆಯಿಲ್ಲ. ಹೊಗೆಯಿಲ್ಲ, ಬಾಟಲಿಯ ಸದ್ದಿಲ್ಲ. ಬೆಲೆ ಕಡಿಮೆ. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕೊಂದು ಮರ್ಯಾದೆಯಿದೆ: ಡಾಕ್ಟರು ಕೊಟ್ಟದ್ದು, ಅಂಗಡಿಯಲ್ಲಿ ಬಿಲ್ಲಿಗೆ ಸಿಗುವುದು, ಅಜ್ಜಿ ದಿನವೂ ನುಂಗುವುದು. ಹದಿನೈದರ ಹುಡುಗನಿಗೆ ಅದು ಅಪಾಯವೆಂದು ತೋಚದೆ ಇದ್ದರೆ ತಪ್ಪು ಅವನೊಬ್ಬನದ್ದಲ್ಲ.

ಈ ಮಾತನ್ನು ಮಂಗಳೂರಿನ ಕುದ್ರೋಳಿಯಲ್ಲಿ ನಿಂತು ಆಡುವುದಕ್ಕೆ ಕಾರಣವಿದೆ. ಇಲ್ಲಿನ ಮಕ್ಕಳು ಬೇರೆ ಕಡೆಯವರಿಗಿಂತ ಹೆಚ್ಚು ಕೆಟ್ಟಿದ್ದಾರೆಂದಲ್ಲ. ಹಾಗೆ ಹೇಳಲು ಯಾವ ಆಧಾರವೂ ಇಲ್ಲ, ಹೇಳುವವರಿದ್ದರೆ ಅದು ಅನ್ಯಾಯ. 1912ರಲ್ಲಿ ಬ್ರಹ್ಮಶ್ರೀ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನೆಲ ಇದು. ಗುಡಿ ಕಟ್ಟಿಕೊಂಡ ಬಿಲ್ಲವರಲ್ಲಿ ಎಷ್ಟೋ ಮನೆಗಳಿಗೆ ಆಗ ಕಳ್ಳು ಇಳಿಸುವ ಮೂರ್ತೆದಾರಿಕೆಯೇ ಅನ್ನದ ದಾರಿ. ಇಂಥದೇ ಕಸುಬಿನ ಜನರ ನಡುವೆ ಬಾಳಿದ ಗುರುಗಳು ಮದ್ಯದ ಬಗ್ಗೆ ಕೊಟ್ಟ ಎಚ್ಚರಿಕೆಯಲ್ಲಿ ಒಂದು ಕ್ರಮವಿದೆ. ತಯಾರಿಸಬಾರದು ಎಂಬುದು ಮೊದಲು, ಕೊಡಬಾರದು ಎಂಬುದು ಎರಡನೆಯದು, ಕುಡಿಯಬಾರದು ಎಂಬುದು ಕೊನೆಗೆ. ಕುಡಿಯುವವನ ಕೈಗೆ ಬರುವ ಮೊದಲೇ ಎರಡು ಕೈಗಳನ್ನು ಅವರು ಹಿಡಿದು ನಿಲ್ಲಿಸಿದರು.

ನಾವೀಗ ಮಾಡುತ್ತಿರುವುದು ಇದರ ತಿರುವುಮುರುವು. ಮಕ್ಕಳ ಬ್ಯಾಗು ತಪಾಸಣೆ, ಮಕ್ಕಳ ಮೂತ್ರ ಪರೀಕ್ಷೆ, ಮಾದಕವಸ್ತು ವಿರೋಧಿ ದಿನವಾದ ಜೂನ್ 26 ಬಂದರೆ ಮಕ್ಕಳ ಕೈಗೇ ಫಲಕ ಕೊಟ್ಟು ಜಾಥಾ. ಮಾತ್ರೆಯನ್ನು ಅವರವರೆಗೆ ತಲುಪಿಸಿದ ದೊಡ್ಡವರ ಕೈಗಳ ಬಗ್ಗೆ ಆ ಫಲಕಗಳಲ್ಲಿ ಒಂದಕ್ಷರವೂ ಇರುವುದಿಲ್ಲ.

ಔಷಧ ತುಂಬಿದ ಊರು

ಮಂಗಳೂರು ಔಷಧದ ಊರು. ವೆನ್ಲಾಕ್ ಆಸ್ಪತ್ರೆ 1848ರದ್ದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಕುಳಿತದ್ದು 1880ರಲ್ಲಿ. ಆಮೇಲೆ ಕೆಎಂಸಿ ಬಂತು; ಎ.ಜೆ., ಯೆನೆಪೋಯ, ಕೆ.ಎಸ್. ಹೆಗ್ಡೆ, ಶ್ರೀನಿವಾಸ, ಕಣಚೂರು ಬಂದವು. ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದ ಹಿಡಿದು ಉತ್ತರ ಕನ್ನಡದವರೆಗಿನ ರೋಗಿಗಳಿಗೆ ಇದೇ ದೊಡ್ಡಾಸ್ಪತ್ರೆ. ಹೀಗಾಗಿ ಇಲ್ಲಿ ಮಾತ್ರೆಯ ಜೊತೆ ಜನರಿಗೆ ಸಲಿಗೆ ಬೆಳೆದಿದೆ. "500 ಬೇಡ, 650ರದ್ದು ಕೊಡಿ" ಎಂದು ಕೌಂಟರಿನಲ್ಲಿ ಹೇಳಲು ನಮ್ಮೂರಿನ ಯಾವ ಅಕ್ಕನಿಗೂ ಚೀಟಿ ಬೇಡ. ಈ ಸಲಿಗೆಯಿಂದ ಲಾಭವೂ ಆಗಿದೆ. ಕಾಯಿಲೆಯನ್ನು ದೆವ್ವ ಭೂತಕ್ಕೆ ಬಿಡದೆ ಬೇಗ ಆಸ್ಪತ್ರೆಗೆ ಹೋಗುವ ರೂಢಿ ನಮ್ಮದು. ಆದರೆ ಎಲ್ಲ ನೋವಿಗೂ ಒಂದು ಮಾತ್ರೆಯುಂಟು ಎಂಬ ನಂಬಿಕೆಯನ್ನು ಮಕ್ಕಳು ಕಲಿಯುವುದು ಕೂಡ ಇಲ್ಲಿಂದಲೇ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ, ಮನಸ್ಸಿಗೆ ಪೆಟ್ಟಾದರೆ, ಜಿಮ್ಮಿನಲ್ಲಿ ಮೈ ಸೋತರೆ, ಅದಕ್ಕೂ ಒಂದು ಇರಲೇಬೇಕಲ್ಲ ಎಂದು ಅವರು ಹುಡುಕುತ್ತಾರೆ.

ಕುದ್ರೋಳಿ, ಬಂದರು, ಬೊಕ್ಕಪಟ್ಣದ ಎಷ್ಟೋ ಮನೆಗಳಲ್ಲಿ ಇದೇ ಮಾತ್ರೆಗಳ ಬಗ್ಗೆ ಬಹಳ ಬಿಗಿಯಾದ ಶಿಸ್ತೂ ಇದೆ, ಆದರೆ ಅದು ಸೂಟ್‌ಕೇಸಿಗೆ ಮಾತ್ರ. ದುಬೈಗೆ ಹೊರಟವರು ಪ್ರತಿ ಸ್ಟ್ರಿಪ್ಪಿಗೂ ಡಾಕ್ಟರ ಚೀಟಿ ಜೋಡಿಸುತ್ತಾರೆ. ಟ್ರಮಡಾಲ್, ಕೊಡೀನ್‌ನಂಥವು ಇದ್ದರೆ ಯುಎಇ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕೆಂದು ಅವರಿಗೆ ಗೊತ್ತು; ಒಂದು ನೋವಿನ ಮಾತ್ರೆ ಜೈಲಿಗೆ ಕಳಿಸಬಲ್ಲದೆಂದೂ ಗೊತ್ತು. ವಿಮಾನ ಹತ್ತುವಾಗ ಇರುವ ಈ ಎಚ್ಚರದ ಅರ್ಧ ಪಾಲು ಅಡುಗೆಮನೆಯ ಕಪಾಟಿನ ಮುಂದೆ ಇದ್ದರೂ ಸಾಕು, ದೊಡ್ಡ ಕೆಲಸವಾಗುತ್ತದೆ. ಹೊಸದಾಗಿ ಏನೂ ಕಲಿಯಬೇಕಾಗಿಲ್ಲ.

ನಶೆಗೆ ಬಳಸುವ ಮಾತ್ರೆಗಳ ಬ್ರಾಂಡ್ ಹೆಸರು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಈ ಪುಟವೇ ಒಂದು ಚೀಟಿಯಾಗುತ್ತದೆ. ಬಗೆಗಳನ್ನು ಮಾತ್ರ ಹೆತ್ತವರು ತಿಳಿದಿರಲಿ. ಅಫೀಮಿನ ಜಾತಿಗೆ ಸೇರಿದ ಬಲವಾದ ನೋವುನಿವಾರಕಗಳು ಮೊದಲನೆಯವು. ಎರಡನೆಯವು ನಿದ್ದೆ ಮತ್ತು ಆತಂಕಕ್ಕೆ ಕೊಡುವವು. ಮೂರನೆಯದು ಕೆಮ್ಮಿನ ಕೆಲವು ಸಿರಪ್. ಇವುಗಳಲ್ಲಿ ಎರಡು ಒಟ್ಟು ಸೇರಿದರೆ, ಅಥವಾ ಒಂದರ ಜೊತೆ ಮದ್ಯ ಸೇರಿದರೆ, ಉಸಿರಾಟವೇ ನಿಧಾನವಾಗಿ ನಿಂತುಹೋಗಬಹುದು. ಇನ್ನೊಂದು ಕಡೆ, ಆಪರೇಷನ್ ಥಿಯೇಟರಿನಲ್ಲಿ ರಕ್ತದೊತ್ತಡ ಕುಸಿದಾಗ ಕೊಡುವ ಇಂಜೆಕ್ಷನ್ನು ಜಿಮ್ಮುಗಳಿಗೆ ಬಂದು ಮುಟ್ಟಿದ ಪ್ರಕರಣಗಳು ದೇಶದ ಹಲವು ನಗರಗಳಲ್ಲಿ ಬಯಲಾಗಿವೆ. ಅದು ಹೃದಯಕ್ಕೆ ಕೈ ಹಾಕುವ ಔಷಧ.

ಇದು ಎಷ್ಟು ಹಬ್ಬಿದೆ? ದೆಹಲಿಯ ಏಮ್ಸ್ 2018ರಲ್ಲಿ ದೇಶದ ಉದ್ದಗಲ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಇನ್ನೂ ನಮ್ಮ ಮುಖ್ಯ ಆಧಾರ. 10ರಿಂದ 75 ವಯಸ್ಸಿನವರಲ್ಲಿ ನೂರಕ್ಕೆ 1.08 ಮಂದಿ, ಎಂದರೆ ಸುಮಾರು 1.18 ಕೋಟಿ ಜನ, ವೈದ್ಯರು ಹೇಳದೆಯೇ ನಿದ್ದೆಯ, ಆತಂಕದ ಮಾತ್ರೆ ಬಳಸುತ್ತಿದ್ದರು. ನೋವುನಿವಾರಕಗಳ ದುರ್ಬಳಕೆ ನೂರಕ್ಕೆ 0.96, ಹೆರಾಯಿನ್ 1.14. ಸಿನಿಮಾದಲ್ಲಿ ಕಾಣುವ ಬಿಳಿ ಪುಡಿಗೂ ಮೆಡಿಕಲ್ ಅಂಗಡಿಯ ಮಾತ್ರೆಗೂ ಅಂತರ ಅಷ್ಟೇ. ಮಕ್ಕಳ ಮಟ್ಟಿಗೆ ಆ ವರದಿಯ ಅತಿ ಕಹಿ ಅಂಕಿ ಮೂಸುವ ದ್ರಾವಣಗಳದ್ದು, ಅಂಟು, ಥಿನ್ನರ್ ಇತ್ಯಾದಿ: 10ರಿಂದ 17ರ ಮಕ್ಕಳಲ್ಲಿ 1.17, ದೊಡ್ಡವರಲ್ಲಿ 0.58. ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುವ ನಶೆ ಅದೊಂದೇ. ಕಾರಣ ಸರಳ. ಮಕ್ಕಳ ಕೈಗೆಟಕುವ ಅಂಗಡಿಯಲ್ಲಿ, ಮಕ್ಕಳ ಜೇಬಿನ ಚಿಲ್ಲರೆಗೆ, ಯಾವ ಪ್ರಶ್ನೆಯೂ ಇಲ್ಲದೆ ಸಿಗುವುದೂ ಅದೇ.

ಕೌಂಟರಿನ ಎರಡೂ ಬದಿ

ನಮ್ಮಲ್ಲಿ ಚೀಟಿ ಬೇಡದ ಔಷಧಗಳೆಂದು ಕಾನೂನಿನಲ್ಲಿ ಪ್ರತ್ಯೇಕ ಪಟ್ಟಿಯಿಲ್ಲ. 1945ರ ಔಷಧ ನಿಯಮಗಳ ಎಚ್, ಎಚ್1, ಎಕ್ಸ್ ಅನುಸೂಚಿಗಳಲ್ಲಿ ಇಲ್ಲದ್ದನ್ನೆಲ್ಲ ಯಾರು ಕೇಳಿದರೂ ಕೊಡಬಹುದು ಎಂಬುದೇ ಬಳಕೆಯಲ್ಲಿ ಉಳಿದ ಅರ್ಥ. ಎಚ್1 ಬಂದದ್ದು 2013ರಲ್ಲಿ, ಜಾರಿಯಾದದ್ದು 2014ರ ಮಾರ್ಚ್ 1ರಿಂದ. ಬಲವಾದ ಆಂಟಿಬಯೋಟಿಕ್‌ಗಳ ಜೊತೆ ಚಟ ಹತ್ತಿಸುವ ಕೆಲವು ಮಾತ್ರೆಗಳೂ ಅದರಲ್ಲಿವೆ. ಅವನ್ನು ಮಾರಿದಾಗಲೆಲ್ಲ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. 2018ರ ಏಪ್ರಿಲ್‌ನಲ್ಲಿ ನೋವುನಿವಾರಕ ಟ್ರಮಡಾಲ್ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯೊಳಗೇ ಬಂತು. ಕೊಡೀನ್ ಬೆರೆತ ಒಂದು ಬಗೆಯ ಕೆಮ್ಮಿನ ಸಿರಪ್ಪನ್ನು 2023ರ ಜೂನ್‌ನಲ್ಲಿ ಇತರ ಮಿಶ್ರಣಗಳೊಂದಿಗೆ ಕೇಂದ್ರ ಸರ್ಕಾರ ನಿಷೇಧಿಸಿತು.

ಇಷ್ಟೆಲ್ಲದರ ನಡುವೆ ಜನರಿಗೆ ಗೊತ್ತೇ ಇರದ ಇನ್ನೊಂದು ನಿಯಮವಿದೆ, ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು. ಮತ್ತೆ ಕೊಡಬಹುದೆಂದು ವೈದ್ಯರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟ ಅಂಗಡಿಯವರು ಆ ಚೀಟಿಯ ಮೇಲೆಯೇ ತಮ್ಮ ಹೆಸರು, ವಿಳಾಸ, ದಿನಾಂಕ ನಮೂದಿಸಬೇಕು. ಒಂದು ರಬ್ಬರ್ ಮೊಹರು ಸಾಕು. ನಿಮ್ಮ ಮನೆಯ ಚೀಟಿಗಳನ್ನು ತೆಗೆದು ನೋಡಿ, ಎಷ್ಟರ ಮೇಲೆ ಆ ಮೊಹರು ಇದೆ? ಮೊಹರಿಲ್ಲದ ಚೀಟಿ ಹತ್ತು ಅಂಗಡಿಗೆ ಹೋಗಬಲ್ಲದು. ಅದರ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಹತ್ತು ಹುಡುಗರ ಮೊಬೈಲಿಗೂ ಹೋಗಬಲ್ಲದು.

ಆದರೂ ಕೌಂಟರಿನ ಆ ಬದಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಸಂಜೆ ಅಳಕೆ, ಮಣ್ಣಗುಡ್ಡದ ಕಡೆಯ ಯಾವುದೇ ಮೆಡಿಕಲ್‌ನ ಮುಂದೆ ನಿಂತರೆ ತಿಳಿಯುತ್ತದೆ. ಬೆಳಗ್ಗಿನಿಂದ ನಿಂತ ಕಾಲು, ಕೈಯಲ್ಲಿ ಕತ್ತರಿ, ಆ ಕಡೆ ಗೂಗಲ್ ಪೇಯ ಸದ್ದು, ಈ ಕಡೆ "ಬೇಗ ಕೊಡಿ ಮಾರಾಯ್ರೆ" ಎನ್ನುವ ಗಿರಾಕಿ. ಚೀಟಿ ಕೇಳಿದರೆ ಅರ್ಧ ಜನರಿಗೆ ಕೋಪ. ಪಕ್ಕದ ಅಂಗಡಿಯಲ್ಲಿ ಕೊಡುತ್ತಾರೆ ಎಂದು ಹೊರಟೇಬಿಡುತ್ತಾರೆ. ಗೋಡೆಯ ಮೇಲೆ ಫಾರ್ಮಸಿಸ್ಟರ ಸರ್ಟಿಫಿಕೇಟ್ ಇರುತ್ತದೆ, ಆ ಹೊತ್ತಿಗೆ ಕೌಂಟರಿನಲ್ಲಿ ಅವರೇ ಇರುತ್ತಾರೆಂಬ ಖಾತ್ರಿಯಿಲ್ಲ. ಆಗ ಒಬ್ಬ ಹುಡುಗ ಬಂದು, ಅಮ್ಮನಿಗೆ ನಿದ್ದೆ ಬರುವುದಿಲ್ಲ, ಮೊನ್ನೆ ಕೊಟ್ಟದ್ದೇ ಬೇಕಂತೆ ಎನ್ನುತ್ತಾನೆ. ಅವನನ್ನು ನಾವೇ ಸಣ್ಣವನಿದ್ದಾಗಿನಿಂದ ಚೀಟಿ, ಚಿಲ್ಲರೆ ಕೊಟ್ಟು ಮೆಡಿಕಲ್‌ಗೆ ಓಡಿಸಿದ್ದೇವೆ. ಅವನ ಮುಖ ಅಂಗಡಿಯವರಿಗೆ ಗುರುತು, ಅವನ ಮಾತು ಸಹಜ.

ಇಂಥ ಕೇರಿಯ ಅಂಗಡಿಯವರಿಗೆ ದೊಡ್ಡ ಮಾಲ್‌ನ ಅಂಗಡಿಗೆ ಇಲ್ಲದ ಒಂದು ಬಲವುಂಟು. ಆ ಅಮ್ಮನ ಫೋನ್ ನಂಬರು ಅವರ ಹತ್ತಿರವಿದೆ. "ಅಮ್ಮನಿಗೇ ಒಂದು ಫೋನ್ ಮಾಡ್ತೇನೆ, ನಿಲ್ಲು" ಎಂದರೆ ಮುಗಿಯಿತು. ನಿಜವಾಗಿ ಅಮ್ಮನಿಗೇ ಬೇಕಿದ್ದರೆ ನಷ್ಟವಿಲ್ಲ. ಅಲ್ಲದಿದ್ದರೆ ಹುಡುಗ ಇನ್ನೊಮ್ಮೆ ಆ ಮೆಟ್ಟಿಲು ಹತ್ತುವುದಿಲ್ಲ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಮತ್ತು ಮಾದಕವಸ್ತು ನಿಯಂತ್ರಣ ಬ್ಯೂರೋ 2021ರಲ್ಲಿ ರೂಪಿಸಿದ ಜಂಟಿ ಕ್ರಿಯಾ ಯೋಜನೆಯ ಬಳಿಕ, ಎಚ್, ಎಕ್ಸ್ ಔಷಧ ಮಾರುವ ಅಂಗಡಿಗಳಲ್ಲಿ ಸಿಸಿಟಿವಿ ಇರಬೇಕೆಂದು ದೇಶದ ಅನೇಕ ಜಿಲ್ಲಾಡಳಿತಗಳು ಆದೇಶಿಸಿದವು. ಒಳ್ಳೆಯದೇ. ಆದರೆ ಕ್ಯಾಮೆರಾ ನೋಡುತ್ತದೆ, ಕೇಳುವುದಿಲ್ಲ. ಕೇಳಬೇಕಾದದ್ದು ಮನುಷ್ಯ.

ಕೇಳುವುದು ಎಂದರೆ ನಾಚಿಕೆಪಡಿಸುವುದಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳ ಬ್ಯಾಗು ತೆರೆದಾಗ ಸಿಗರೇಟು, ವೈಟ್ನರ್, ಕಾಂಡೋಮ್, ಗರ್ಭನಿರೋಧಕ ಮಾತ್ರೆ ಸಿಕ್ಕವೆಂದು ರಾಜ್ಯವೆಲ್ಲ ಗುಲ್ಲೆದ್ದಿತು. 2023ರ ಜನವರಿಯಲ್ಲಿ, 18 ತುಂಬದವರಿಗೆ ಗರ್ಭನಿರೋಧಕ ಮಾರಬಾರದೆಂದು ಔಷಧ ನಿಯಂತ್ರಣ ಇಲಾಖೆ ಸುತ್ತೋಲೆ ಹೊರಡಿಸಿದೆ ಎಂದು ಸುದ್ದಿಯಾಗಿ, ಅಂಥ ನಿಷೇಧವಿಲ್ಲ, ಮಕ್ಕಳಿಗೆ ತಿಳಿಹೇಳಿ ಎಂದಷ್ಟೇ ಹೇಳಿದ್ದು ಎಂದು ಇಲಾಖೆ ಸ್ಪಷ್ಟನೆ ಕೊಡಬೇಕಾಯಿತು. ಆ ಗದ್ದಲದಲ್ಲಿ ಚಟದ ಸಿಗರೇಟು, ಮೂಸುವ ದ್ರಾವಣ, ದೇಹದ ರಕ್ಷಣೆಯ ಸಾಧನ ಎಲ್ಲವೂ ಒಂದೇ ಚೀಲದ ಪಾಪಗಳಾದವು. ಎಲ್ಲರೂ ಚರ್ಚಿಸಿದ್ದು ಮಕ್ಕಳ ನಡತೆಯನ್ನು. ಆ ಬ್ಯಾಗಿಗೆ ವೈಟ್ನರ್ ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಯಾರೂ ಹಟ ಹಿಡಿದು ಕೇಳಲಿಲ್ಲ. ಕಾನೂನು ಮಾತ್ರ ಕೇಳುತ್ತದೆ: 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ, ವೈದ್ಯರ ಆದೇಶವಿಲ್ಲದೆ ಮಗುವಿಗೆ ಮಾದಕ ಅಥವಾ ಮನೋಪರಿಣಾಮಿ ವಸ್ತು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ.

ಅಂಗಡಿಗಿಂತಲೂ ಮನೆಯೇ ದೊಡ್ಡ ಬಾಗಿಲು ಎಂಬುದನ್ನು ಅಮೆರಿಕ ದುಬಾರಿ ಬೆಲೆ ತೆತ್ತು ಕಲಿತಿದೆ. 1996ರಲ್ಲಿ ಮಾರುಕಟ್ಟೆಗೆ ಬಂದ ಒಂದು ನೋವಿನ ಮಾತ್ರೆಯಿಂದ ಹಬ್ಬಿದ ಪಿಡುಗು ಲಕ್ಷಾಂತರ ಜೀವಗಳನ್ನು ತಿಂದಿತು. ನೋವುನಿವಾರಕವನ್ನು ದುರ್ಬಳಕೆ ಮಾಡಿಕೊಂಡವರನ್ನು ಎಲ್ಲಿಂದ ಸಿಕ್ಕಿತೆಂದು ಅಲ್ಲಿನ ರಾಷ್ಟ್ರೀಯ ಸಮೀಕ್ಷೆಗಳು ಕೇಳುತ್ತ ಬಂದಿವೆ. ಅರ್ಧದ ಆಸುಪಾಸಿನವರ ಉತ್ತರ ಸ್ನೇಹಿತರು, ಇಲ್ಲವೇ ಸಂಬಂಧಿಕರು. 2010ರಿಂದ ಅಲ್ಲಿ ಮನೆಮನೆಯ ಹಳೆಯ ಔಷಧ ವಾಪಸು ಪಡೆಯುವ ದಿನಗಳನ್ನೇ ನಡೆಸುತ್ತಿದ್ದಾರೆ.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ಶುರುಮಾಡಿದೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಕೋಝಿಕ್ಕೋಡ್‌ನಲ್ಲಿ 'ಎನ್‌ಪ್ರೌಡ್' ಯೋಜನೆ ಆರಂಭಿಸಿ, ಮನೆಗಳಲ್ಲಿ ಉಳಿದ ಔಷಧಗಳನ್ನು ಸಂಗ್ರಹಿಸಿ ಶಾಸ್ತ್ರೀಯವಾಗಿ ಸುಡುವ ವ್ಯವಸ್ಥೆ ಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಮಾರ್ಗಸೂಚಿ ಹೊರಡಿಸಿ, ಟ್ರಮಡಾಲ್, ಟಪೆಂಟಡಾಲ್, ಡಯಾಜೆಪಾಮ್ ಸೇರಿ 17 ಔಷಧಗಳು ಉಳಿದರೆ ಮನೆಯಲ್ಲಿಡದೆ ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಿ ಎಂದಿತು. ಬೇರೆ ಔಷಧವನ್ನು ಹಾಗೆ ಚೆಲ್ಲಬಾರದು. ಈ 17ಕ್ಕೆ ಮಾತ್ರ, ಇನ್ನೊಬ್ಬರ ಕೈಗೆ ಸಿಕ್ಕರೆ ಜೀವಕ್ಕೇ ಅಪಾಯ ಎಂಬ ಕಾರಣಕ್ಕೆ. ಮಂಗಳೂರಿನಲ್ಲಿ ಒಣ ಕಸದ ಚೀಲಕ್ಕೆ ಹಾಕಿದ ಮಾತ್ರೆ ಕಸದ ಗಾಡಿ ಹತ್ತಿ ಪಚ್ಚನಾಡಿಯ ಕಸ ಘಟಕ ಸೇರುತ್ತದೆ. ಪಾಲಿಕೆಯೂ ಔಷಧ ವ್ಯಾಪಾರಿಗಳ ಸಂಘವೂ ಸೇರಿ ವಾರ್ಡಿಗೊಂದು ಬೀಗ ಹಾಕಿದ ಪೆಟ್ಟಿಗೆ ಇಡುವುದು ಅಸಾಧ್ಯದ ಕೆಲಸವಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ನಿದ್ದೆಯ, ನೋವಿನ ಬಲವಾದ ಮಾತ್ರೆಗಳು ಡಬ್ಬಿಯಲ್ಲಲ್ಲ, ಬಂಗಾರದ ಜೊತೆ ಗೋದ್ರೇಜಿನಲ್ಲಿರಲಿ. ಸ್ಟ್ರಿಪ್ಪಿನ ಎಡತುದಿಯಲ್ಲಿ ಕೆಂಪಿನಲ್ಲಿ 'ಎನ್‌ಆರ್‌ಎಕ್ಸ್' ಗುರುತು ಕಂಡರೆ ಅದು ಎನ್‌ಡಿಪಿಎಸ್ ವ್ಯಾಪ್ತಿಯದ್ದು, ಅದನ್ನು ಎಣಿಸಿಯೇ ಇಡಬೇಕು. ಹಲ್ಲು ಕೀಳಿಸಿದ್ದಕ್ಕೆ ಹತ್ತು ದಿನದ ನೋವಿನ ಮಾತ್ರೆ ಬರೆದರೆ, ಮೂರು ದಿನದ್ದು ಸಾಕಾಗದೇ ಎಂದು ಡಾಕ್ಟರನ್ನು ಕೇಳಿ. ಬರೆಯುವ ಕೈಯೂ ಕೊಡುವ ಕೈಗಳಲ್ಲಿ ಒಂದು. ಇಷ್ಟು ವೈದ್ಯರನ್ನು ತಯಾರಿಸುವ ಊರಿನಲ್ಲಿ ಈ ಮಾತು ತರಗತಿಯಲ್ಲೇ ಶುರುವಾಗಬೇಕು.

ಹೆದರಿಸಿದರೆ ಸಾಲದು

ಶಾಲೆಗೆ ಒಬ್ಬ ಅಧಿಕಾರಿಯನ್ನು ಕರೆಸಿ, ಒಂದು ಗಂಟೆ ಭಾಷಣ ಮಾಡಿಸಿ, ಭಯಾನಕ ಚಿತ್ರ ತೋರಿಸಿ ಕಳಿಸಿದರೆ ಕರ್ತವ್ಯ ಮುಗಿಯಿತೆಂದು ನಾವು ತಿಳಿದಿದ್ದೇವೆ. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ 2018ರಲ್ಲಿ ಪರಿಷ್ಕರಿಸಿದ ತಡೆಗಟ್ಟುವಿಕೆಯ ಮಾನದಂಡಗಳು ಬೇರೆಯೇ ಹೇಳುತ್ತವೆ. ಹೆದರಿಸುವ, ಬರೀ ಮಾಹಿತಿ ಕೊಡುವ ಒಂದು ದಿನದ ಕಾರ್ಯಕ್ರಮಗಳಿಂದ ಫಲವಿಲ್ಲ, ಕೆಲವೊಮ್ಮೆ ಕೆಡುಕೇ ಆಗುತ್ತದೆ. ಫಲ ಕೊಟ್ಟಿರುವುದು ಹೆತ್ತವರಿಗೆ ಮಕ್ಕಳೊಂದಿಗೆ ಮಾತಾಡಲು ಕಲಿಸುವುದು, ತರಗತಿಯಲ್ಲಿ ವಾರ ವಾರ ನಡೆಯುವ ಜೀವನ ಕೌಶಲದ ಪಾಠ. ಐಸ್‌ಲ್ಯಾಂಡ್‌ನಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿಸಿಕೊಂಡ 15–16ರ ಮಕ್ಕಳು 1998ರಲ್ಲಿ ನೂರಕ್ಕೆ 42 ಇದ್ದರು, 2016ಕ್ಕೆ 5. ಅವರು ಸಂಜೆಯ ಹೊತ್ತು ಮಕ್ಕಳನ್ನು ಆಟಕ್ಕೆ, ಸಂಗೀತಕ್ಕೆ ಹಚ್ಚಿದರು. ತಂದೆತಾಯಂದಿರು ಒಬ್ಬರಿಗೊಬ್ಬರು ಮಾತು ಕೊಟ್ಟು ರಾತ್ರಿಯ ಹೊತ್ತು ಮಕ್ಕಳನ್ನು ಬೇಗ ಮನೆ ಸೇರಿಸಿದರು.

ಅದಕ್ಕೆ ಬೇಕಾದ ಜನ ಕುದ್ರೋಳಿಯಲ್ಲಿ ಆಗಲೇ ಇದ್ದಾರೆ. ದಸರಾ ಬಂತೆಂದರೆ ಹುಲಿವೇಷದ ತಂಡಗಳು ಏಳುತ್ತವೆ. ಊದು ಹಾಕಿ, ಬಣ್ಣ ಹಚ್ಚಿಸಿಕೊಳ್ಳಲು ಗಂಟೆಗಟ್ಟಲೆ ಕದಲದೆ ನಿಂತು, ತಾಸೆಯ ಪೆಟ್ಟಿಗೆ ಕುಣಿಯುವ ಹುಡುಗರು, ಮನೆಯಲ್ಲಿ ಅಪ್ಪನ ಮಾತು ಕೇಳದವರೂ, ತಂಡದ ಹಿರಿಯನ ಕಣ್ಸನ್ನೆಗೆ ನಿಲ್ಲುತ್ತಾರೆ. ಮಸೀದಿಯ ಜಮಾಅತಿನಲ್ಲಿ, ಭಗವತೀ ಕ್ಷೇತ್ರದ ಸೇವಾ ಬಳಗದಲ್ಲಿ, ವಾಲಿಬಾಲ್ ತಂಡದಲ್ಲಿ ಅಂಥ ಒಬ್ಬೊಬ್ಬ ಅಣ್ಣ, ಒಬ್ಬೊಬ್ಬ ಕಾಕ ಇದ್ದೇ ಇದ್ದಾರೆ. ಯಾವ ಹುಡುಗ ಒಂದು ವಾರದಿಂದ ಆಟಕ್ಕೆ ಬಂದಿಲ್ಲ, ಯಾರ ಮಾತು ತೊದಲುತ್ತಿದೆ, ಯಾರು ಎಲ್ಲರ ಹತ್ತಿರ ಸಾಲ ಕೇಳುತ್ತಿದ್ದಾನೆ ಎಂಬುದು ಪೊಲೀಸರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಏನು ಮಾಡಬೇಕೆಂದು ಮಾತ್ರ ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ವೆನ್ಲಾಕ್‌ನಿಂದಲೋ ಯಾವುದಾದರೂ ಮೆಡಿಕಲ್ ಕಾಲೇಜಿನಿಂದಲೋ ಒಬ್ಬ ಮನೋವೈದ್ಯರು ಬಂದು ಇಂಥವರ ಜೊತೆ ಒಂದು ಸಂಜೆ ಕುಳಿತರೆ, ನೂರು ಜಾಥಾಗಳಿಂದ ಆಗದ್ದು ಆಗುತ್ತದೆ.

ಮಗು ಮಾತ್ರೆ ನುಂಗುತ್ತಿದೆ ಎಂದು ಗೊತ್ತಾದ ದಿನ ಮನೆಯಲ್ಲಿ ಮೊದಲು ಬರುವುದು ಸಿಟ್ಟು. ಹೊಡೆದು, ಮೊಬೈಲು ಕಿತ್ತು, ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ. ಇದರಲ್ಲಿ ಪ್ರಾಣಾಪಾಯವೇ ಇದೆ. ನಿದ್ದೆಯ, ಆತಂಕದ ಮಾತ್ರೆಗಳನ್ನು ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರ ಬರಬಹುದು. ವೈದ್ಯರ ಕಣ್ಣೆದುರು ಹಂತಹಂತವಾಗಿ ಇಳಿಸಬೇಕು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಮಲಗಲಿ ಎಂದು ಬಿಡದೆ ಮಗ್ಗುಲಾಗಿ ಹೊರಳಿಸಿ 108ಕ್ಕೆ ಕರೆ ಮಾಡಿ. ಖಾಲಿ ಸ್ಟ್ರಿಪ್ ಸಿಕ್ಕರೆ ಜೊತೆಗೇ ಒಯ್ಯಿರಿ. ತುರ್ತು ಅಲ್ಲದಿದ್ದರೆ ಮಾತಾಡಲು ನಂಬರುಗಳಿವೆ: ವ್ಯಸನಮುಕ್ತಿಗೆ 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416, ಮಕ್ಕಳಿಗೆ 1098. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆಸ್ಪತ್ರೆಗೆ ಹೋದರೆ ಕೇಸು ಆಗುತ್ತದೆ ಎಂಬ ಹೆದರಿಕೆಯೇ ಅನೇಕರನ್ನು ತಡೆದು ನಿಲ್ಲಿಸುವುದು. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇರುವುದೇ ಅದಕ್ಕೆ: ಸ್ವಂತ ಬಳಕೆಯ, ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಶಾಲೆಗಳೂ ಇದೇ ಹಾದಿ ಹಿಡಿಯಬೇಕು. ಸಿಕ್ಕಿಬಿದ್ದ ವಿದ್ಯಾರ್ಥಿಗೆ ಟಿ.ಸಿ. ಕೈಗಿತ್ತರೆ ಶಾಲೆಯ ಹೆಸರು ಉಳಿದೀತು. ಹುಡುಗ ಮಾತ್ರ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬೀದಿಯಲ್ಲಿರುತ್ತಾನೆ, ಮಾರುವವರ ಕಣ್ಣೆದುರಿನಲ್ಲೇ. ಚಿಕಿತ್ಸೆಗೆ ಹೋದ ದಿನಗಳನ್ನು ಅನಾರೋಗ್ಯದ ರಜೆಯೆಂದೇ ಬರೆದುಕೊಳ್ಳಿ, ಹತ್ತನೇ ತರಗತಿಯ ಅವನ ಜಾಗವನ್ನು ಹಾಗೆಯೇ ಉಳಿಸಿಕೊಡಿ, ತಂಡದಲ್ಲಿ ಅವನಿಗೊಂದು ಸ್ಥಾನ ಕಾದಿರಲಿ ಎಂದು ಕುದ್ರೋಳಿಯ ಮುಖ್ಯೋಪಾಧ್ಯಾಯರಲ್ಲೂ ಆಟದ ತಂಡಗಳ ಹಿರಿಯರಲ್ಲೂ ಕೇಳಿಕೊಳ್ಳುತ್ತೇನೆ.